ವೇಗ, ದೂರದ ಲೆಕ್ಕಕ್ಕೆ ಉತ್ತರ ಒಂದೇ ಸಂಖ್ಯೆ ಆಗಿರಬೇಕಾ?

ಸಂಜೆಪಾಠ

ನಾನು ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೊನ್ನೆ ಈ ಲೆಕ್ಕ ಕೊಟ್ಟಿದ್ದೆ.

"120 ಕಿ.ಮೀ. ಹೋಗಬೇಕು. 2 ಗಂಟೆಯೊಳಗೆ ತಲುಪಬೇಕು. ದಾರಿಯಲ್ಲಿ 20 ನಿಮಿಷ ನಿಲ್ಲಲೇಬೇಕು. ರಸ್ತೆಯ ವೇಗಮಿತಿ ಗಂಟೆಗೆ 80 ಕಿ.ಮೀ. ಯಾವ ವೇಗದಲ್ಲಿ ಹೋಗಬಹುದು?"

ಮುಕ್ಕಾಲು ಪಾಲು ಮಕ್ಕಳು 72 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಮುಗಿಸಿದರು. 75ರಲ್ಲಿ ಹೋದರೆ ಆಗಲ್ವಾ ಎಂದು ಕೇಳಿದೆ. ಆಗುತ್ತೆ ಅಂದರು. 78? ಅದೂ ಆಗುತ್ತೆ. ಆಗ ಒಬ್ಬಳು ಕೇಳಿದಳು: "ಉತ್ತರ ಒಂದಕ್ಕಿಂತ ಜಾಸ್ತಿ ಬಂದರೆ ಲೆಕ್ಕ ತಪ್ಪಾಗಿದೆ ಅಂತ ಅಲ್ವಾ?"

ಆ ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿದೆ. ಇಷ್ಟು ವರ್ಷ ಸಮೀಕರಣವನ್ನೇ ತಿದ್ದಿ ತೀಡಿದ್ದೇವೆ. ಹಾಗಾಗಿ ಉತ್ತರ ಎಂದರೆ ಒಂದೇ ಸಂಖ್ಯೆ ಎಂದು ಮಕ್ಕಳು ನಂಬಿದ್ದಾರೆ. ಆದರೆ ದಾರಿಗಿಳಿದ ಯಾರೂ ಸರಿಯಾಗಿ 72ರಲ್ಲೇ ಹೋಗುವುದಿಲ್ಲ. ಅವರಿಗೆ ಬೇಕಾಗಿರುವುದು ಎಲ್ಲಿಂದ ಎಲ್ಲಿಯವರೆಗೆ ಎಂಬ ಲೆಕ್ಕ.

ನಾನು ಅಸಮಾನತೆಯಾಗಿ, ಅಂದರೆ ಸಮ ಚಿಹ್ನೆಯ ಬದಲು ≤ (ಹೆಚ್ಚೆಂದರೆ ಅಷ್ಟು), ≥ (ಕಮ್ಮಿಯೆಂದರೂ ಅಷ್ಟು) ಹಾಕಿ, ಬಿಡಿಸಿ ತೋರಿಸಿದ್ದು ಹೀಗೆ. ವೇಗವನ್ನು ವ ಎನ್ನೋಣ. (ಪುಸ್ತಕದಲ್ಲಿ ಇದಕ್ಕೆ ಜವ ಎನ್ನುತ್ತಾರೆ. ಮಾತಿನಲ್ಲಿ ಎಲ್ಲರೂ ವೇಗ ಎನ್ನುವುದರಿಂದ ಇಲ್ಲಿ ಹಾಗೇ ಬರೆಯುತ್ತೇನೆ.) ನಿಲ್ಲುವ 20 ನಿಮಿಷ ಕಳೆದರೆ ಓಡಿಸಲು ಸಿಗುವುದು 100 ನಿಮಿಷ, ಅಂದರೆ 5/3 ಗಂಟೆ.

120/ವ ≤ 5/3
360 ≤ 5ವ
ವ ≥ 72

ವೇಗಮಿತಿಯಿಂದ ವ ≤ 80. ಎರಡನ್ನೂ ಸೇರಿಸಿದರೆ 72 ≤ ವ ≤ 80.

ಮಕ್ಕಳಿಗೆ ಇದು ಮನಸ್ಸಿಗೆ ಇಳಿಯುವಂಥ ಲೆಕ್ಕಗಳು ಬೇಕು. ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಹಾಕಿ. ಎಲ್ಲಿ ಎಡವುತ್ತಾರೆ ಎನ್ನುವುದನ್ನೂ ಹೇಳಿ.

ಎರಡುಚಕ್ರ

ಸೈಕಲ್‌ನಲ್ಲಿ ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಓಡಿಸುವವರಿಗೆ ಇದು ದಿನದ ಲೆಕ್ಕ ಮೇಡಂ. 200 ಕಿ.ಮೀ. ಬ್ರೆವೆ ಮುಗಿಸಲು ಇರುವ ಸಮಯ 13 ಗಂಟೆ 30 ನಿಮಿಷ. ದಾರಿಯಲ್ಲಿ ಕಂಟ್ರೋಲ್‌ಗಳು, ಅಂದರೆ ಸವಾರರು ಬಂದುಹೋದದ್ದನ್ನು ಗುರುತು ಹಾಕಿಕೊಳ್ಳುವ ಜಾಗಗಳು, ಇರುತ್ತವೆ. ಅವು ತೆರೆಯುವ, ಮುಚ್ಚುವ ಹೊತ್ತನ್ನು ಬಹಳ ಕಾಲದಿಂದ ಹೀಗೆ ಲೆಕ್ಕ ಹಾಕುತ್ತಾ ಬಂದಿದ್ದಾರೆ: ಮೊದಲ 200 ಕಿ.ಮೀ.ಗೆ ಹೆಚ್ಚೆಂದರೆ ಗಂಟೆಗೆ 34, ಕಮ್ಮಿಯೆಂದರೆ 15. ಅಂದರೆ 100ನೇ ಕಿ.ಮೀ. ಕಂಟ್ರೋಲ್ ತೆರೆಯುವುದು 2 ಗಂಟೆ 56 ನಿಮಿಷಕ್ಕೆ, ಮುಚ್ಚುವುದು 6 ಗಂಟೆ 40 ನಿಮಿಷಕ್ಕೆ. ತೀರಾ ಬೇಗ ಹೋದರೂ ಕಾಯಬೇಕು. ಎರಡು ಕಡೆಯೂ ಬೇಲಿ ಇರುವ ಅಸಮಾನತೆ ಇದು.

ಆದರೆ ಸೈಕಲ್ ಮೇಲಿದ್ದಾಗ ನನಗೆ ನಿಜವಾಗಿ ಬೇಕಾಗುವುದು ವೇಗ ಅಲ್ಲ. ಎಷ್ಟು ಹೊತ್ತು ಕೂತು ಸುಧಾರಿಸಿಕೊಳ್ಳಬಹುದು ಎಂಬುದು. 110 ಕಿ.ಮೀ. ಮುಗಿಸಲು 7 ಗಂಟೆ ಆಗಿದೆ ಎನ್ನಿ. ಉಳಿದಿದ್ದು 90 ಕಿ.ಮೀ., 6.5 ಗಂಟೆ. ಕಾಲು ಸೋತಿದ್ದರೂ ಗಂಟೆಗೆ 20 ಎಳೆಯಬಲ್ಲೆ ಎಂದು ಗೊತ್ತು. ನಿಲ್ಲುವ ಸಮಯ ನಿ.

90/20 + ನಿ ≤ 6.5
ನಿ ≤ 2

ಎರಡು ಗಂಟೆವರೆಗೂ ನಿಲ್ಲಬಹುದು. ವೇಗ 18ಕ್ಕೆ ಇಳಿದರೆ 90/18 = 5, ಆಗ ನಿ ≤ 1.5. ಅದೇ ಅಸಮಾನತೆ, ಕೇಳುವ ಪ್ರಶ್ನೆ ಮಾತ್ರ ಬೇರೆ. ಮಕ್ಕಳಿಗೆ ಬರೀ ವೇಗವನ್ನೇ ಕಂಡುಹಿಡಿಯಲು ಕೊಡಬೇಡಿ. ನಿಲ್ಲುವ ಸಮಯ, ಹೊರಡುವ ಹೊತ್ತು, ಉಳಿದ ದೂರ, ಇವನ್ನೂ ಕೇಳಿ.

ಹತ್ತನೇಕ್ಲಾಸ್

ಮೇಡಂ, ನಂದೊಂದು ಡೌಟು. 120/ವ ≤ 5/3 ಅನ್ನೋದನ್ನು ತಲೆಕೆಳಗು ಮಾಡಿದರೆ ಚಿಹ್ನೆ ತಿರುಗುತ್ತೆ ಅಂತ ಹೇಳಿಕೊಟ್ಟಿದ್ದಾರೆ. ನೀವು ವ ಇಂದ ಗುಣಿಸಿದಿರಿ, ಚಿಹ್ನೆ ತಿರುಗಲೇ ಇಲ್ಲ. ಯಾವುದು ಸರಿ?

ಲೆಕ್ಕದಜೀವ

ಎರಡೂ ಸರಿ. ತಲೆಕೆಳಗು ಮಾಡಿದರೆ ವ/120 ≥ 3/5 ಆಗುತ್ತೆ, ಅಲ್ಲಿಂದಲೂ ವ ≥ 72 ಬರುತ್ತೆ. ನಿಧಾನ ಹೋದರೆ ಜಾಸ್ತಿ ಹೊತ್ತು, ಬೇಗ ಹೋದರೆ ಕಮ್ಮಿ ಹೊತ್ತು. ಚಿಹ್ನೆ ತಿರುಗುವುದಕ್ಕೆ ಕಾರಣ ಇಷ್ಟೇ.

ಆದರೆ ಎರಡು ದಾರಿಗೂ ಒಂದು ಷರತ್ತು ಇದೆ. ಎರಡು ಬದಿಯೂ ಸೊನ್ನೆಗಿಂತ ದೊಡ್ಡದಿರಬೇಕು. ವ ಎನ್ನುವುದು ವೇಗ, ಆದ್ದರಿಂದ ವ > 0. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡು. ಬರೆಯದೆ ಗುಣಿಸುವುದು ಹೇಗೆ ಕೈಕೊಡುತ್ತೆ ಅಂತ ಈ ದೋಣಿಯ ಲೆಕ್ಕದಲ್ಲಿ ನೋಡು.

ನದಿ ಗಂಟೆಗೆ 3 ಕಿ.ಮೀ. ಹರಿಯುತ್ತಿದೆ. ದೋಣಿ 36 ಕಿ.ಮೀ. ಮೇಲಕ್ಕೆ ಹೋಗಿ ವಾಪಸ್ ಬರಬೇಕು, ಒಟ್ಟು 5 ಗಂಟೆ ಮೀರಬಾರದು. ನಿಂತ ನೀರಿನಲ್ಲಿ ದೋಣಿಯ ವೇಗ ವ.

36/(ವ − 3) + 36/(ವ + 3) ≤ 5

ಛೇದ ತೆಗೆದರೆ 72ವ ≤ 5(ವ² − 9), ಅಂದರೆ 5ವ² − 72ವ − 45 ≥ 0. ಮೂಲಗಳು 15 ಮತ್ತು −0.6. ಉತ್ತರ ವ ≥ 15. ತಾಳೆ ನೋಡು: ಮೇಲಕ್ಕೆ 36/12 = 3 ಗಂಟೆ, ಕೆಳಕ್ಕೆ 36/18 = 2 ಗಂಟೆ. ಸರಿಯಾಗಿ 5.

ಈಗ ಮೊದಲ ಸಾಲಿನಲ್ಲಿ ವ = 2 ಹಾಕು. 36/(−1) + 36/5 = −28.8. ಅದು 5ಕ್ಕಿಂತ ಕಮ್ಮಿ! ಬೀಜಗಣಿತದ ಪ್ರಕಾರ 2 ಕೂಡ ಉತ್ತರ. ಆದರೆ ಗಂಟೆಗೆ 2 ಕಿ.ಮೀ. ದೋಣಿಯನ್ನು 3 ಕಿ.ಮೀ. ಹರಿವು ಹಿಂದಕ್ಕೇ ಒಯ್ಯುತ್ತದೆ. ಮೇಲಕ್ಕೆ ಹೋಗುವ ಮಾತೇ ಇಲ್ಲ. −36 ಗಂಟೆ ಎಂಬ ಸಮಯಕ್ಕೆ ಅರ್ಥವಿಲ್ಲ.

(ವ − 3) ಇಂದ ಗುಣಿಸುವಾಗ ವ > 3 ಎಂದು ನಾವು ಸುಮ್ನೆ ಒಪ್ಪಿಕೊಂಡಿದ್ದೆವು. ಆ ಷರತ್ತು ಕೊಟ್ಟಿದ್ದು ನದಿ. ಅದನ್ನು ಮೊದಲೇ ಕಾಗದದ ಮೇಲೆ ಬರೆದರೆ ಮುಂದೆ ಏನೂ ತಪ್ಪುವುದಿಲ್ಲ.

ನೇರದಾರಿ

ಇಷ್ಟೆಲ್ಲ ಬೇಕಾ? ನಾನು ಮಕ್ಕಳಿಗೆ ಬೇರೆ ಥರ ಹೇಳಿಕೊಡುತ್ತೇನೆ. ಸಮ ಚಿಹ್ನೆ ಹಾಕಿ ಬಿಡಿಸು, ಗಡಿ ಸಿಗುತ್ತೆ. ಗಡಿಯ ಎರಡು ಬದಿಯಲ್ಲಿ ಒಂದೊಂದು ಸಂಖ್ಯೆ ಹಾಕಿ ನೋಡು. ಯಾವುದು ಸರಿ ಬರುತ್ತೋ ಆ ಬದಿಯೇ ಉತ್ತರ. ಚಿಹ್ನೆ ತಿರುಗುತ್ತೋ ಇಲ್ವೋ ಎಂಬ ಗೋಜೇ ಇಲ್ಲ.

ಲೆಕ್ಕದಜೀವ

ಒಳ್ಳೆಯ ಕ್ರಮವೇ ಸರ್, ನಾನೂ ಬಳಸುತ್ತೇನೆ. ಆದರೆ ದೋಣಿಯ ಲೆಕ್ಕಕ್ಕೆ ಇದನ್ನೇ ಹಾಕಿ ನೋಡಿ. ಗಡಿ 15. ಆಚೆ ಬದಿಗೆ 20 ಹಾಕಿದರೆ 36/17 + 36/23, ಸುಮಾರು 3.7. ಸರಿ. ಈಚೆ ಬದಿಗೆ 2 ಹಾಕಿದರೆ −28.8. ಅದೂ ಸರಿ! ಹಾಗಾದರೆ ಎಲ್ಲ ವೇಗವೂ ಆಗುತ್ತೆ ಎಂದು ಬರೆಯಬೇಕಾಗುತ್ತೆ. ಆದರೆ 10 ಹಾಕಿದರೆ 36/7 + 36/13, ಸುಮಾರು 7.9 ಗಂಟೆ. ಅದು ತಪ್ಪು.

ಛೇದ ಸೊನ್ನೆಯಾಗುವ ಜಾಗವೂ ಒಂದು ಗಡಿ. 3ರಲ್ಲೂ ಕಂಬ ನೆಡಬೇಕು, 15ರಲ್ಲೂ ನೆಡಬೇಕು. ಆಮೇಲೆ ಪ್ರತಿ ತುಂಡಿನಲ್ಲಿ ಒಂದೊಂದು ಸಂಖ್ಯೆ ಹಾಕಿ ನೋಡಬೇಕು.

ನೇರದಾರಿ

ಒಪ್ಪಿದೆ. ಛೇದದ ಗಡಿಯನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾಳೆಯ ತರಗತಿಯಲ್ಲೇ ಸೇರಿಸುತ್ತೇನೆ.

ಕನ್ನಡಮೇಷ್ಟ್ರು

ನಾನು ಗಣಿತದವನಲ್ಲ, ಮನೆಯಲ್ಲಿ ಮೊಮ್ಮಗನಿಗೆ ಪಾಠ ಓದಿಸುತ್ತೇನೆ. ಅವನು ಎಡವುವುದು ಗಣಿತದಲ್ಲಿ ಅಲ್ಲ, ಕನ್ನಡದಲ್ಲಿ. "ವೇಗ 60ಕ್ಕಿಂತ ಕಮ್ಮಿ ಇಲ್ಲ" ಎಂದಿದ್ದರೆ "ಕಮ್ಮಿ" ಪದ ಕಂಡ ಕೂಡಲೇ < ಹಾಕಿಬಿಡುತ್ತಾನೆ. ಕೊನೆಯ "ಇಲ್ಲ" ಇಡೀ ಅರ್ಥವನ್ನೇ ತಿರುಗಿಸುತ್ತದೆ. ಅದು ವ ≥ 60. ನಮ್ಮ ವಾಕ್ಯದಲ್ಲಿ ಬೇಡ, ಇಲ್ಲ, ಬಾರದು ಎಲ್ಲ ಕೊನೆಗೆ ಬರುತ್ತವೆ. ಆದ್ದರಿಂದ ವಾಕ್ಯ ಮುಗಿಯುವವರೆಗೆ ಪೆನ್ನು ಎತ್ತಬೇಡ ಎಂದು ಹೇಳಿದ್ದೇನೆ.

"ಮೀರಬಾರದು", "ಹೆಚ್ಚೆಂದರೆ", "ವರೆಗೆ" ಎಂದರೆ ≤. "ಕಮ್ಮಿಯೆಂದರೂ", "ಕನಿಷ್ಠ" ಎಂದರೆ ≥. "ದಾಟಿರಬೇಕು" ಎಂದರೆ ಬರೀ >. ನನಗೆ ಅನುಮಾನ ಇರುವುದು "ಒಳಗೆ" ಎಂಬುದರಲ್ಲಿ. 2 ಗಂಟೆಯೊಳಗೆ ಎಂದರೆ ಸರಿಯಾಗಿ 2 ಗಂಟೆಗೆ ಬಂದವನು ಒಳಗೋ ಹೊರಗೋ?

ಸಂಜೆಪಾಠ

ಮೇಷ್ಟ್ರೇ, ತುಂಬ ಒಳ್ಳೆಯ ಮಾತು. "ಒಳಗೆ" ಎಂಬುದಕ್ಕೆ ನಾನು ≤ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಲೆಕ್ಕ ಕೊಟ್ಟವರೇ ಅದನ್ನು ಸ್ಪಷ್ಟ ಮಾಡಬೇಕಿತ್ತು. ಮುಂದಿನ ಸಲ "2 ಗಂಟೆ ಮೀರದಂತೆ" ಎಂದೇ ಬರೆಯುತ್ತೇನೆ.

ಸ್ಟೇರಿಂಗ್

ನಾನು ಡ್ರೈವಿಂಗ್ ಕಲಿಸುವವನು. ಈ ಲೆಕ್ಕವನ್ನು ದಯವಿಟ್ಟು ಮಕ್ಕಳಿಗೆ ಮಾಡಿಸಿ, ಜೀವ ಉಳಿಸುವ ಲೆಕ್ಕ.

ತಿರುವಿನಲ್ಲಿ ಮುಂದೆ 45 ಮೀಟರ್ ಮಾತ್ರ ಕಾಣುತ್ತಿದೆ ಎನ್ನಿ. ಅಡ್ಡ ಏನಾದರೂ ಬಂದರೆ ಅಷ್ಟರೊಳಗೆ ಗಾಡಿ ನಿಲ್ಲಬೇಕು. ನಿಲ್ಲುವ ದೂರದಲ್ಲಿ ಎರಡು ಭಾಗ. ಕಣ್ಣಿಗೆ ಕಂಡು ಕಾಲು ಬ್ರೇಕ್ ಮೇಲೆ ಬೀಳುವವರೆಗೆ ಗಾಡಿ ಅದೇ ವೇಗದಲ್ಲಿ ಓಡುತ್ತದೆ. ಅದಕ್ಕೆ 1 ಸೆಕೆಂಡ್ ಇಟ್ಟುಕೊಳ್ಳೋಣ. ಆಮೇಲೆ ಬ್ರೇಕ್ ಹಿಡಿದು ನಿಲ್ಲುವ ದೂರ, ಅದು ವೇಗದ ವರ್ಗದಂತೆ ಬೆಳೆಯುತ್ತದೆ. ಒಣ ರಸ್ತೆಯಲ್ಲಿ ವೇಗ ಪ್ರತಿ ಸೆಕೆಂಡಿಗೆ 6 ಮೀ./ಸೆ. ಇಳಿಯುತ್ತದೆ ಎಂದುಕೊಂಡರೆ ಆ ದೂರ ವ²/12. ಇಲ್ಲಿ ವ ಎಂದರೆ ಸೆಕೆಂಡಿಗೆ ಮೀಟರ್.

ವ + ವ²/12 ≤ 45
ವ² + 12ವ − 540 ≤ 0
(ವ + 30)(ವ − 18) ≤ 0

ವೇಗ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಆದ್ದರಿಂದ ವ ≤ 18. ಗಂಟೆಗೆ 64.8 ಕಿ.ಮೀ.

ಮಳೆ ಬಂದು ಬ್ರೇಕಿನ ಹಿಡಿತ ಅರ್ಧಕ್ಕೆ ಇಳಿದರೆ ವ + ವ²/6 ≤ 45. ಆಗ ವ ಸುಮಾರು 13.7, ಗಂಟೆಗೆ 49. ಹಿಡಿತ ಅರ್ಧವಾದರೂ ವೇಗದ ಗಡಿ ಅರ್ಧವಾಗಲಿಲ್ಲ. ಇದನ್ನು ಮಕ್ಕಳು ಮೊದಲು ಊಹೆ ಮಾಡಲಿ, ಆಮೇಲೆ ಲೆಕ್ಕ ಮಾಡಲಿ.

ಕಲಿಯಲು ಬಂದವರು "64 ಆದರೆ ಸರಿ, 72 ಆದರೆ ಏನು ಮಹಾ" ಎನ್ನುತ್ತಾರೆ. 72 ಎಂದರೆ ಸೆಕೆಂಡಿಗೆ 20 ಮೀಟರ್. ಬ್ರೇಕ್ ಹಿಡಿಯುವ ಮೊದಲೇ 20 ಮೀಟರ್ ಹೋಯಿತು. ಉಳಿದಿದ್ದು 25. ಅಷ್ಟರಲ್ಲಿ ವೇಗದ ವರ್ಗ 400ರಿಂದ 2 × 6 × 25 = 300 ಇಳಿದು 100 ಉಳಿಯುತ್ತದೆ. ಅಂದರೆ ಅಡ್ಡ ಬಂದದ್ದಕ್ಕೆ ಗಾಡಿ ಸೆಕೆಂಡಿಗೆ 10 ಮೀಟರ್, ಗಂಟೆಗೆ 36 ಕಿ.ಮೀ. ವೇಗದಲ್ಲಿ ಗುದ್ದುತ್ತದೆ. ಗಡಿ ದಾಟಿದ್ದು 7 ಕಿ.ಮೀ., ಗುದ್ದಿದ್ದು 36ರಲ್ಲಿ. ಇದನ್ನು ಬೋರ್ಡ್ ಮೇಲೆ ಬರೆದ ದಿನ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ.

ಲೆಕ್ಕದಜೀವ

ಸ್ಟೇರಿಂಗ್ ಸರ್ ಅವರ ಲೆಕ್ಕದಿಂದ ಇನ್ನೊಂದು ವಿಷಯ. 64.8 ಬಂದರೆ ಮಕ್ಕಳು 65 ಎಂದು ಬರೆಯುತ್ತಾರೆ. ಇಲ್ಲಿ ಅದು ತಪ್ಪು. ಮೇಲಿನ ಗಡಿಯಾದ್ದರಿಂದ ಕೆಳಕ್ಕೇ ಇಳಿಸಬೇಕು, 64. ಕೆಳಗಿನ ಗಡಿಯಾದರೆ ಮೇಲಕ್ಕೇ ಏರಿಸಬೇಕು.

ಮ್ಯಾರಥಾನ್ 42.195 ಕಿ.ಮೀ. ಅದನ್ನು 2 ಗಂಟೆಯೊಳಗೆ ಓಡಲು ವ ≥ 21.0975 ಬೇಕು. ಇದನ್ನು ಸುಮ್ನೆ 21 ಎಂದು ಸರಿ ಮಾಡಿದರೆ 2 ಗಂಟೆಯ ಮೇಲೆ 33 ಸೆಕೆಂಡ್ ಆಗುತ್ತೆ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೆನ್ಯಾದ ಓಟಗಾರ ಎಲಿಯುಡ್ ಕಿಪ್‌ಚೋಗೆ 1:59:40ರಲ್ಲಿ ಆ ದೂರ ಓಡಿದರು. ವಿಶೇಷವಾಗಿ ಏರ್ಪಡಿಸಿದ ಓಟವಾದ್ದರಿಂದ ಅದು ಅಧಿಕೃತ ದಾಖಲೆಗೆ ಸೇರಲಿಲ್ಲ. ಅವರ ಸರಾಸರಿ ಗಂಟೆಗೆ ಸುಮಾರು 21.16. ಗಡಿಗೂ ಅದಕ್ಕೂ ಇರುವ ಅಂತರ ಎಷ್ಟು ಸಣ್ಣದು ನೋಡಿ. ಆ ಸಣ್ಣ ಅಂತರಕ್ಕಾಗಿ ಅಷ್ಟೆಲ್ಲ ಸಿದ್ಧತೆ.

ಎರಡುಚಕ್ರ

ಸರಾಸರಿ ವೇಗದ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಅಲ್ಲೇ. ಅರ್ಧ ದೂರ 40ರಲ್ಲಿ ಹೋಗಿದ್ದೇವೆ. ಒಟ್ಟು ಸರಾಸರಿ 60ಕ್ಕೆ ಕಮ್ಮಿ ಆಗಬಾರದು. ಉಳಿದ ಅರ್ಧ ದೂರ ಎಷ್ಟು ವೇಗ? ಎಲ್ಲರೂ 80 ಎನ್ನುತ್ತಾರೆ. ಅರ್ಧ ದೂರ ದ ಎಂದರೆ ಸರಾಸರಿ = ಒಟ್ಟು ದೂರ ÷ ಒಟ್ಟು ಹೊತ್ತು = 2ದ ÷ (ದ/40 + ದ/ವ) = 80ವ/(40 + ವ).

80ವ/(40 + ವ) ≥ 60
80ವ ≥ 2400 + 60ವ
ವ ≥ 120

80 ಅಲ್ಲ, 120! ಇನ್ನು ಸರಾಸರಿ 80 ಬೇಕು ಎಂದರೆ 80ವ ≥ 3200 + 80ವ, ಅಂದರೆ 0 ≥ 3200. ಯಾವ ವೇಗಕ್ಕೂ ಇದು ಆಗದು. ಏಕೆಂದರೆ ಇಡೀ ದಾರಿಗೆ ಇದ್ದ ಹೊತ್ತೆಲ್ಲ ಮೊದಲ ಅರ್ಧದಲ್ಲೇ ಖರ್ಚಾಗಿದೆ.

ಹತ್ತನೇಕ್ಲಾಸ್

0 ≥ 3200 ಬಂದರೆ ನಾನು ಲೆಕ್ಕ ತಪ್ಪಾಯ್ತು ಅಂತ ಹೊಡೆದುಹಾಕುತ್ತಿದ್ದೆ. ಅದೂ ಒಂದು ಉತ್ತರ ಅಂತ ಗೊತ್ತಿರಲಿಲ್ಲ.

ಸಂಜೆಪಾಠ

ಹೌದಮ್ಮ, ಅದು ಪೂರ್ತಿ ಉತ್ತರ. "ಯಾವ ವೇಗದಿಂದಲೂ ಸಾಧ್ಯವಿಲ್ಲ" ಎಂದು ಒಂದು ವಾಕ್ಯ ಬರೆ, ಅಂಕ ಸಿಗಬೇಕು. ಕೊಡದಿದ್ದರೆ ಕಾರಣ ಕೇಳು.

ಗಡಿಬಿಡಿಇಲ್ಲ

ತಡವಾದಾಗ ಜನ ವೇಗ ಏರಿಸುತ್ತಾರಲ್ಲ, ಅದರ ಮೇಲೆ ಒಂದು ಲೆಕ್ಕ ಕಟ್ಟಿದ್ದೇನೆ. 60 ಕಿ.ಮೀ. ದಾರಿ. ಈಗಿನ ವೇಗ ವ. ಗಂಟೆಗೆ 10 ಕಿ.ಮೀ. ಏರಿಸಿದರೆ ಕಮ್ಮಿಯೆಂದರೂ 5 ನಿಮಿಷ ಉಳಿಯಬೇಕು. ಯಾವ ವೇಗದವರೆಗೆ ಇದು ಆಗುತ್ತೆ? 60/ವ ಗಂಟೆ ಎಂದರೆ 3600/ವ ನಿಮಿಷ.

3600/ವ − 3600/(ವ + 10) ≥ 5
36000 ≥ 5ವ(ವ + 10)
ವ² + 10ವ − 7200 ≤ 0
(ವ + 90)(ವ − 80) ≤ 0

0 < ವ ≤ 80. 80ರಿಂದ 90ಕ್ಕೆ ಏರಿಸಿದರೆ 45 ನಿಮಿಷ 40 ಆಗುತ್ತೆ, ಸರಿಯಾಗಿ 5. ಅದೇ 10 ಕಿ.ಮೀ.ಯನ್ನು 100ರ ಮೇಲೆ ಏರಿಸಿದರೆ ಉಳಿಯುವುದು 3 ನಿಮಿಷ ಚಿಲ್ಲರೆ. 30ರಿಂದ 40ಕ್ಕೆ ಏರಿಸಿದರೆ ಮಾತ್ರ ಪೂರ್ತಿ 30 ನಿಮಿಷ ಉಳಿಯುತ್ತೆ. ಸಮಯ ಉಳಿಸುವ ಜಾಗ ಇರುವುದು ನಿಧಾನ ಹೋಗುವ ಕಡೆ. ಅಪಾಯ ಏರುವುದು ವೇಗ ಜಾಸ್ತಿ ಇರುವ ಕಡೆ. ಸ್ಟೇರಿಂಗ್ ಸರ್ ಅವರ ಲೆಕ್ಕವನ್ನೂ ಇದನ್ನೂ ಒಂದೇ ದಿನ ಮಾಡಿಸಿ.

ಸ್ಟೇರಿಂಗ್

ಖಂಡಿತ ಮಾಡಿಸುತ್ತೇನೆ. ಹಾಗೇ ಇನ್ನೊಂದು. ಮೀಟರ್ ತೋರಿಸುವ ವೇಗವೇ ನಿಜವಾದ ವೇಗ ಅಲ್ಲ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೆಯದು ಸ್ಪೀಡೋಮೀಟರ್ ಬಗ್ಗೆ. ಅದನ್ನು ಬರೆದಿರುವುದೇ ಅಸಮಾನತೆಯಲ್ಲಿ. ತೋರಿಸುವ ವೇಗ ತೋ, ನಿಜ ವೇಗ ನ ಎಂದರೆ

0 ≤ ತೋ − ನ ≤ ನ/10 + 4

ಮೀಟರ್ ಯಾವತ್ತೂ ನಿಜಕ್ಕಿಂತ ಕಮ್ಮಿ ತೋರಿಸುವಂತಿಲ್ಲ. ಜಾಸ್ತಿ ತೋರಿಸಬಹುದು, ಅದಕ್ಕೂ ಮಿತಿ ಇದೆ. ಮೀಟರ್ 92 ತೋರಿಸುತ್ತಿದ್ದರೆ ನ ≤ 92, ಮತ್ತು 92 ≤ 1.1ನ + 4, ಅಂದರೆ ನ ≥ 80. ಮುಳ್ಳು ಒಂದೇ ಕಡೆ ನಿಂತಿದ್ದರೂ ನಿಜ ವೇಗ 80ರಿಂದ 92ರ ನಡುವೆ ಎಲ್ಲಾದರೂ ಇರಬಹುದು.

ಕನ್ನಡಮೇಷ್ಟ್ರು

ಇದನ್ನು ಮೊಮ್ಮಗನಿಗೆ ಓದಿ ಹೇಳಿದೆ. ನೇರ ಹೋಗಿ ಗಾಡಿಯ ಮೀಟರ್ ನೋಡಿಕೊಂಡು ಬಂದ.

ಲೆಕ್ಕದಜೀವ

ಹತ್ತನೇಕ್ಲಾಸ್, ನಿನಗೊಂದು ಲೆಕ್ಕ ಕೊಡುತ್ತೇನೆ, ಬಿಡಿಸಿ ಹಾಕು. ಎರಡು ಗಾಡಿಗಳ ನಡುವೆ 150 ಕಿ.ಮೀ. ಒಂದರ ಕಡೆಗೆ ಇನ್ನೊಂದು ಒಂದೇ ಹೊತ್ತಿಗೆ ಹೊರಡುತ್ತವೆ. ವೇಗ 40 ಮತ್ತು 35. ಎರಡರಲ್ಲೂ ರೇಡಿಯೋ ಇದೆ. ಅಂತರ 15 ಕಿ.ಮೀ. ಮೀರದಿದ್ದರೆ ಮಾತ್ರ ಮಾತಾಡಲು ಆಗುತ್ತೆ. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಮಾತಾಡಬಹುದು? ಎದುರಾದ ಮೇಲೂ ನಿಲ್ಲದೆ ಮುಂದೆ ಹೋಗುತ್ತಿರುತ್ತವೆ, ಅದನ್ನು ಮರೆಯಬೇಡ.

ಹತ್ತನೇಕ್ಲಾಸ್

ಸರ್, ಮಾಡಿದೆ. ಸಮಯ ಕ, ಕ ≥ 0 ಅಂತ ಮೊದಲೇ ಬರೆದಿದ್ದೇನೆ. ಹತ್ತಿರ ಬರುವ ವೇಗ 75. ಅಂತರ 150 − 75ಕ.

ಮೊದಲು 150 − 75ಕ ≤ 15 ಅಂತ ಮಾಡಿ ಕ ≥ 1.8 ಬಂತು. ಅಷ್ಟಕ್ಕೇ ನಿಲ್ಲಿಸಿದ್ದೆ. ಆಮೇಲೆ ಕ = 10 ಹಾಕಿ ನೋಡಿದೆ, ಅಂತರ −600 ಬಂತು. ಅದು 15ಕ್ಕಿಂತ ಕಮ್ಮಿ ಅಂತ ಲೆಕ್ಕ ಹೇಳುತ್ತೆ, ಆದರೆ ಗಾಡಿಗಳು 600 ಕಿ.ಮೀ. ದೂರ ಇವೆ! ದೋಣಿಯ ಲೆಕ್ಕದ ಥರಾನೇ. ಅದಕ್ಕೆ ಎರಡು ಕಡೆಯೂ ಗಡಿ ಹಾಕಿದೆ.

−15 ≤ 150 − 75ಕ ≤ 15
−165 ≤ −75ಕ ≤ −135
2.2 ≥ ಕ ≥ 1.8

−75 ಇಂದ ಭಾಗಿಸಿದಾಗ ಎರಡು ಚಿಹ್ನೆಯನ್ನೂ ತಿರುಗಿಸಿದೆ. 1 ಗಂಟೆ 48 ನಿಮಿಷದಿಂದ 2 ಗಂಟೆ 12 ನಿಮಿಷದವರೆಗೆ, ಒಟ್ಟು 24 ನಿಮಿಷ ಮಾತಾಡಬಹುದು. ಎದುರಾಗುವುದು ಸರಿಯಾಗಿ 2 ಗಂಟೆಗೆ. ಅದಕ್ಕೆ ಮೊದಲು 12 ನಿಮಿಷ, ಆಮೇಲೆ 12 ನಿಮಿಷ. ಸರಿ ಇದೆಯಾ?

ಲೆಕ್ಕದಜೀವ

ಪೂರ್ತಿ ಸರಿ. ಈಗ ಒಂದು ಗಾಡಿ 10 ನಿಮಿಷ ತಡವಾಗಿ ಹೊರಟರೆ ಆ 24 ನಿಮಿಷ ಬದಲಾಗುತ್ತಾ? ಲೆಕ್ಕ ಮಾಡುವ ಮೊದಲು ಊಹೆ ಬರೆದಿಟ್ಟುಕೋ.

ಹತ್ತನೇಕ್ಲಾಸ್

ಬದಲಾಗಲ್ಲ ಅಂತ ಊಹೆ. ಎದುರಾಗುವ ಹೊತ್ತು ಮಾತ್ರ ಮುಂದೆ ಹೋಗುತ್ತೆ. ಅಷ್ಟರಲ್ಲಿ ಎರಡೂ ಹೊರಟಿರುತ್ತವೆ, 30 ಕಿ.ಮೀ. ದಾಟುವುದು 75ರ ವೇಗದಲ್ಲೇ ತಾನೇ? ಈಗ ಕಾಗದ ತಗೊಂಡು ಕೂತೆ.